ಅವ್ವನ ಕೌದಿ ಹೊದ್ದ ಗಾಡಿ

ಪೆಟ್ರೋಲು ಮತ್ತು ಮಲ್ಲಿಗೆ, ಈ ಎರಡು ವಾಸನೆ ಒಟ್ಟಿಗೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಹೋದ ತಿಂಗಳು ಹಗರಿಬೊಮ್ಮನಹಳ್ಳಿಯ ಪೆಟ್ರೋಲ್ ಬಂಕಿನಲ್ಲಿ ಹಾಗೇ ಆಯಿತು. ಮಗಳ ಸ್ಕೂಟರಿನ ಹಿಂದೆ ಕೂತಿದ್ದೆ. ತಲೆಯಲ್ಲಿ ತವರಿನಿಂದ ಬಂದ ಹಡಗಲಿ ಮಲ್ಲಿಗೆ. ಪಕ್ಕದಲ್ಲಿ ಒಂದು ಪಿಕಪ್ ಗಾಡಿ ಬಂದು ನಿಂತಿತು. ಅದರ ಹಿಂಭಾಗದಲ್ಲಿ ಮಣ್ಣಿನ ರೇಸಿಗೆ ಹೋಗುವ ಮೂರು ಬೈಕುಗಳು ಸಾಲಾಗಿ ನಿಂತಿದ್ದವು. ಮುಂದಿನ ಗಾಲಿಗೆ ಕಬ್ಬಿಣದ ಹಿಡಿಕೆ, ಹ್ಯಾಂಡಲಿನ ಎರಡೂ ಕಡೆ ಕೆಂಪು ಬೆಲ್ಟು, ಮೇಲೆ ಅಳತೆಗೆ ಹೊಲಿಸಿದ ಕರಿಯ ಹೊದಿಕೆ. ಹುಡುಗರು ಮುಂದೆ ಏಸಿಯಲ್ಲಿ ಕೂತು ಫೋನು ನೋಡುತ್ತಿದ್ದರು. ಹಿಂದೆ ಒಬ್ಬನೂ ಇರಲಿಲ್ಲ.

"ಏನವ್ವಾ, ಅಷ್ಟು ಏನ್ ನೋಡಾಕತ್ತೀ?" ಎಂದಳು ಮಗಳು.

"ಒಬ್ರೂ ಹಿಡ್ಕೊಂಡಿಲ್ಲಲ್ಲ."

"ಬೆಲ್ಟ್ ಐತಲ್ಲ!"

ಬೆಲ್ಟು ಇತ್ತು, ನಿಜ. ಆದರೂ ನನ್ನ ಬಲಗೈ ತನ್ನಷ್ಟಕ್ಕೆ ತಾನೇ ಎಡಗೈ ಮೇಲಿನ ಹಳೆಯ ಗಾಯದ ಗುರುತನ್ನು ಸವರತೊಡಗಿತು. ಮನೆಗೆ ಬಂದ ಮೇಲೂ ಆ ಬೇಸಿಗೆ ತಲೆಯಿಂದ ಇಳಿಯಲಿಲ್ಲ.

ನಾನು ಮದುವೆಯಾಗಿ ಬಂದ ಮೊದಲ ಬೇಸಿಗೆ ಅದು, ಎರಡು ಸಾವಿರದ ಇಸವಿಯ ಆಸುಪಾಸು. ತವರು ಹೂವಿನಹಡಗಲಿ, ಮಲ್ಲಿಗೆ ತೋಟದ ಮನೆ. ಗಂಡನ ಮನೆ ಹಗರಿಬೊಮ್ಮನಹಳ್ಳಿ. ನಮ್ಮವರ ಹೆಸರು ಕೊಟ್ರೇಶ. ಬಾಯಲ್ಲಿ ಗಂಡನ ಹೆಸರು ಹಿಡಿಯುವವಳಲ್ಲ ನಾನು, ಬರೆದರೆ ಅಡ್ಡಿಯಿಲ್ಲ ಅಂದುಕೊಂಡಿದ್ದೇನೆ. ಬಸ್ ಸ್ಟ್ಯಾಂಡಿನ ಹಿಂದೆ ಅವರದು ಬೈಕ್ ರಿಪೇರಿ ಅಂಗಡಿ. ಹೆಣ್ಣು ನೋಡಲು ಬಂದಾಗ ಹುಡುಗ ಬೀಡಿ ಮುಟ್ಟುವುದಿಲ್ಲ, ಇಸ್ಪೀಟು ಆಡುವುದಿಲ್ಲ ಎಂದು ಹೇಳಿದ್ದರು. ಎಲ್ಲವೂ ಖರೆ. ಮನೆಯಲ್ಲಿ ಆಗಲೇ ಇನ್ನೊಬ್ಬಳಿದ್ದಾಳೆ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ.

ಅವಳು ಪಡಸಾಲೆಯಲ್ಲಿ ನಿಂತಿದ್ದಳು. ಹಸಿರು ಟ್ಯಾಂಕು, ಮೇಲಕ್ಕೆ ಎತ್ತಿ ಕಟ್ಟಿದ ಸೈಲೆನ್ಸರು, ಹಲ್ಲು ಹಲ್ಲಿನ ಟೈರು. ದೀಪವಿಲ್ಲ, ನಂಬರ್ ಪ್ಲೇಟಿಲ್ಲ, ಕನ್ನಡಿಯಿಲ್ಲ. ಅಂಗಡಿಯಲ್ಲಿ ಮೂಲೆ ಸೇರಿದ್ದ ಹಳೆಯ ಟೂ ಸ್ಟ್ರೋಕ್ ಬೈಕನ್ನು ಬಿಚ್ಚಿ, ಕೊಯ್ದು, ಬೆಸೆದು ನಮ್ಮವರೇ ರೇಸಿಗೆಂದು ಕಟ್ಟಿಕೊಂಡಿದ್ದರು. ಅದನ್ನು ರಸ್ತೆಯಲ್ಲಿ ಓಡಿಸುವ ಹಾಗಿಲ್ಲ. ಪೊಲೀಸರು ಹಿಡಿಯುತ್ತಾರೆ, ಡಾಂಬರಿಗೆ ಟೈರಿನ ಹಲ್ಲು ಸವೆಯುತ್ತವೆ. ಹೀಗಾಗಿ ಮನುಷ್ಯರನ್ನು ಹೊರಬೇಕಾದ ಗಾಡಿಯನ್ನು ಮನುಷ್ಯರೇ ಊರಿಂದ ಊರಿಗೆ ಹೊತ್ತು ತಿರುಗಬೇಕು.

"ಒಳಗ ಯಾಕ ನಿಲ್ಲಿಸ್ಯಾನ ಅಂತ ನನ್ನ ಕೇಳಬ್ಯಾಡವ್ವ," ಎಂದರು ಅತ್ತೆ ಮೊದಲ ದಿನವೇ. "ನಾ ಹೇಳಿ ಹೇಳಿ ಸಾಕಾಗೇತಿ. ಇನ್ನ ನೀ ಉಂಟು, ಅದು ಉಂಟು."

ಬೇಸಿಗೆಯಲ್ಲಿ ಹೊಲ ಖಾಲಿಯಾಗುತ್ತಿದ್ದಂತೆ ನಮ್ಮ ಕಡೆ ಊರ ಹೊರಗಿನ ಬಯಲುಗಳಲ್ಲಿ ಭಾನುವಾರ ರೇಸು ನಡೆಯುತ್ತಿದ್ದವು. ಮೊದಲನೆಯದು ಕೊಟ್ಟೂರಿನಲ್ಲಿ. ನನ್ನನ್ನೂ ಕರೆದುಕೊಂಡು ಹೋಗುತ್ತಾರೆ ಎಂದು ನಾನು ಮದುವೆಯಲ್ಲಿ ತಂದ ನೀಲಿ ಸೀರೆ ಉಟ್ಟು, ಹೂ ಮುಡಿದು ತಯಾರಾಗಿ ನಿಂತೆ. ಗಾಡಿ ಹೋಗುವುದು ಬಸ್ಸಿನ ಟಾಪಿನ ಮೇಲೆ. ಕಂಡಕ್ಟರನ ಬೈಕು ಇವರ ಅಂಗಡಿಯಲ್ಲೇ ರಿಪೇರಿಯಾಗುತ್ತಿದ್ದುದರಿಂದ ಅವನು ಕಂಡೂ ಕಾಣದ ಹಾಗಿದ್ದ. ಇಬ್ಬರು ಮೇಲಿಂದ ಹಗ್ಗ ಎಳೆದರು, ಇಬ್ಬರು ಕೆಳಗಿಂದ ಹೆಗಲು ಕೊಟ್ಟರು. ಒಳಗಿದ್ದ ಮುದುಕಿಯೊಬ್ಬಳು ಕಿಟಕಿಯಿಂದ ತಲೆ ಹಾಕಿ, "ಮ್ಯಾಲ ಎಮ್ಮಿ ಏರಸಾಕತ್ತೀರೇನಪ್ಪಾ?" ಎಂದು ಕೇಳಿದಳು.

"ನಾನೂ ಬರ್ತೀನ್ರಿ," ಎಂದೆ.

"ಹೆಂಗ ಬರ್ತಿ? ನಾ ಟಾಪ್ ಮ್ಯಾಲ ಕುಂಡರ್ತೀನಿ."

"ನಾ ಒಳಗ ಕುಂಡರ್ತೀನಿ."

"ಹೊಸ ಹೇಂತೀನ ಒಳಗ ಒಬ್ಬಾಕೀನ ಕುಂದ್ರಿಸಿ ನಾ ಮ್ಯಾಲ ಕುಂತ್ರ ಮಂದಿ ಏನಂದಾರು? ಮುಂದಿನ ಸಲ ಬಾ, ಗಿರಿಜಾ."

ಬಸ್ಸು ಹೊರಟಿತು. ಟಾಪಿನ ಮೇಲೆ ನಮ್ಮವರು ಒಂದು ಕೈಯಲ್ಲಿ ಕ್ಯಾರಿಯರಿನ ಸರಳು ಹಿಡಿದು, ಇನ್ನೊಂದು ಕೈಯಿಂದ ಆ ಹಸಿರು ಟ್ಯಾಂಕನ್ನು ತಬ್ಬಿಕೊಂಡಿದ್ದರು. ಮದುವೆಯ ದಿನ ಕಾರಿನಲ್ಲಿ ನನ್ನ ಪಕ್ಕ ಕೂತವರು ನನ್ನ ಸೆರಗಿಗೂ ತಾಗದ ಹಾಗೆ ಕಿಟಕಿಗೆ ಅಂಟಿಕೊಂಡಿದ್ದರು. ಆ ಮನುಷ್ಯ ಇವರೇನಾ ಅನ್ನಿಸಿತು. ಮನೆಗೆ ಬಂದು ನೀಲಿ ಸೀರೆ ಬಿಚ್ಚಿ ಎಸೆದೆ.

ಸಂಜೆ ಇವರು ಬಾಡಿದ ಮುಖ ಹೊತ್ತು ಬಂದರು. ರೇಸಿನಲ್ಲಿ ಸೋತದ್ದಕ್ಕಲ್ಲ, ಕ್ಯಾರಿಯರಿನ ಸರಳು ತಾಗಿ ಟ್ಯಾಂಕಿಗೆ ಗೀರು ಬಿದ್ದದ್ದಕ್ಕೆ. ಆ ವಾರವೆಲ್ಲ ಬಣ್ಣ ಹಚ್ಚುವುದು, ಒಣಗಿಸುವುದು, ಉಜ್ಜುವುದು. ನನಗೆ ಒಲೆಯ ಹೊಗೆ ಕುಡಿದು ಕೆಮ್ಮು ಹತ್ತಿದ್ದು ಮನೆಯಲ್ಲಿ ಅತ್ತೆಗೆ ಬಿಟ್ಟು ಯಾರಿಗೂ ಕೇಳಿಸಲಿಲ್ಲ.

ಮುಂದಿನ ಸಲ ಕೂಡ್ಲಿಗಿ. ಈ ಸಲ ಗೆಳೆಯರ ಟ್ರ್ಯಾಕ್ಟರು. ಟ್ರೇಲರಿನಲ್ಲಿ ಶೇಂಗಾ ಹೊಟ್ಟಿನ ಚೀಲಗಳನ್ನು ಹಾಸಿ ಗಾಡಿಗೆ ಮೆತ್ತನೆಯ ಜಾಗ ಮಾಡಿದ್ದರು. ನಾನು ನೀರು ತಂದು ಒಳಗೆ ಬಂದು ನೋಡುತ್ತೇನೆ, ನನ್ನ ಟ್ರಂಕಿನ ಮುಚ್ಚಳ ತೆರೆದಿದೆ. ಓಡಿ ಹೊರಗೆ ಬಂದರೆ ನಮ್ಮವ್ವನ ಕೌದಿ ಗಾಡಿಯ ಮೈಮೇಲೆ.

ಆ ಕೌದಿಯನ್ನು ಅವ್ವ ನನ್ನ ಮದುವೆಗೆಂದು ಒಂದು ಚಳಿಗಾಲವಿಡೀ ಕೂತು ಹೊಲಿದಿದ್ದಳು. ನನ್ನ ಚಿಕ್ಕಂದಿನ ಲಂಗ, ಅಪ್ಪನ ಧೋತರ, ತೀರಿಹೋದ ಅಜ್ಜಿಯ ಇಳಕಲ್ ಸೀರೆಯ ಅಂಚು ಎಲ್ಲವೂ ಅದರಲ್ಲಿದ್ದವು. ಮಡಿಕೆ ಬಿಚ್ಚಿ ನಾನೇ ಇನ್ನೂ ಹೊದ್ದಿರಲಿಲ್ಲ.

"ನಮ್ಮವ್ವ ಹೊಲಿದ ಕೌದಿ ರೀ ಅದು!"

"ಗೊತ್ತೈತಿ. ಮನ್ಯಾಗ ಇಷ್ಟು ಮೆತ್ತಂದು ಬ್ಯಾರೆ ಯಾವ್ದೂ ಇಲ್ಲ."

"ನನಗ ಹೊದಿಯಾಕ ಕೊಟ್ಟಾಳ, ನಿಮ್ಮ ಗಾಡಿಗಲ್ಲ."

"ಬ್ಯಾಸಿಗ್ಯಾಗ ಕೌದಿ ಹೊತ್ಕೊಂಡು ಏನ್ ಮಾಡ್ತಿ? ಸಂಜೀಕ ತಂದು ಕೊಡ್ತೀನಿ ಬಿಡು."

ಟ್ರ್ಯಾಕ್ಟರಿನ ತುಂಬ ಗೆಳೆಯರಿದ್ದರು. ನಾನೂ ಬರುತ್ತೇನೆ ಎಂದು ಕೇಳದೇ ಒಳಗೆ ಬಂದೆ. ನನ್ನ ಅವ್ವನ ಕೌದಿ ಹೊದ್ದು ಅವಳು ಕೂಡ್ಲಿಗಿಗೆ ಹೋದಳು, ನಾನು ಖಾಲಿ ಟ್ರಂಕಿನ ಮುಂದೆ ಕೂತು ಕಣ್ಣೀರು ಹಾಕಿದೆ. ಅತ್ತೆ ಬಂದು ಪಕ್ಕದಲ್ಲಿ ಕೂತು, "ನಿಮ್ಮ ಮಾವನೂ ಹಂಗಽ ಇದ್ದ. ನನ್ನ ಮದುವಿ ಸೀರಿ ಸೆರಗು ಹರಿದು ಎತ್ತಿನ ಕೊಂಬಿಗೆ ಕಟ್ಟಿದ್ದ. ಆ ಎತ್ತಿಗೆ ನಾ ಒಂದ ವಾರ ಹಿಂಡಿ ಹಾಕಲಿಲ್ಲ," ಎಂದರು. ಅಳುವಾಗಲೂ ನಗು ಬಂತು. ಆದರೆ ಸಂಜೆ ಬಂದ ಕೌದಿಯಲ್ಲಿ ಅಜ್ಜಿಯ ಸೀರೆಯಂಚಿನ ಮೇಲೆ ಎಣ್ಣೆಯ ಕರಿಯ ಕಲೆಯಿತ್ತು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಆವತ್ತಿನಿಂದ ಪಡಸಾಲೆ ಕಸ ಗುಡಿಸುವಾಗ ಗಾಡಿಯ ಸುತ್ತಲಿನ ಜಾಗ ಬಿಟ್ಟು ಗುಡಿಸತೊಡಗಿದೆ.

ಬಿಸಿಲು ಏರಿದ ಹಾಗೆ ಹಡಗಲಿಯಲ್ಲಿ ಮಲ್ಲಿಗೆಯ ಸುಗ್ಗಿ. ಮೊಗ್ಗು ಬಿಡಿಸಲು ಕೈ ಸಾಲುವುದಿಲ್ಲ ಎಂದು ಅವ್ವ ಹೇಳಿ ಕಳಿಸಿದಳು, ನಾನು ತವರಿಗೆ ಬಂದೆ. ಸದ್ಯ, ಒಂದಿಷ್ಟು ದಿನ ಸವತಿಯ ಮುಖ ನೋಡುವುದು ತಪ್ಪಿತು ಅಂದುಕೊಂಡೆ. ಎಲ್ಲಿಯ ತಪ್ಪುವುದು! ಆ ಭಾನುವಾರ ರೇಸು ಹಡಗಲಿಯ ಹೊರಗೇ ಇತ್ತು. ಇವರು ಎರಡನೆಯವರಾಗಿ ಗೆದ್ದು, ಗಾಡಿ ತಳ್ಳಿಕೊಂಡು ನಮ್ಮಪ್ಪನ ಮನೆಗೇ ಊಟಕ್ಕೆ ಬಂದರು. ಮುಂದಿನ ಭಾನುವಾರ ಹರಿಹರದಲ್ಲಿ ಬೇಸಿಗೆಯ ಕೊನೆಯ ರೇಸು, ದೊಡ್ಡದು. ಅದಕ್ಕೆಂದೇ ಇವರು ಇಡೀ ಬೇಸಿಗೆ ಒದ್ದಾಡಿದ್ದು. ನನ್ನ ತಮ್ಮ ಬಸು ದಿನಾ ಬೆಳಿಗ್ಗೆ ಹೂವಿನ ಟೆಂಪೋ ತುಂಬಿಕೊಂಡು ಹರಪನಹಳ್ಳಿ, ಹರಿಹರದ ಮೇಲೆ ಹಾದು ದಾವಣಗೆರೆ ಪೇಟೆಗೆ ಹೋಗುತ್ತಿದ್ದ. ಗಾಡಿ ಇಲ್ಲೇ ಇರಲಿ, ಬಸುವಿನ ಟೆಂಪೋದಲ್ಲಿ ಬರಲಿ ಎಂದು ಮಾವ ಅಳಿಯ ಸೇರಿ ತೀರ್ಮಾನಿಸಿದರು.

"ಮಾವಾ, ಒಂದು ಹನಿ ಪೆಟ್ರೋಲ್ ಇರಬಾರ್ದು ನೋಡ್ರಿ," ಎಂದ ಬಸು ಇವರಿಗೆ. "ಹೂವಿಗಿ ವಾಸನಿ ಹತ್ತಿದ್ರ ಪ್ಯಾಟ್ಯಾಗ ಯಾರೂ ಮೂಸಿ ನೋಡಂಗಿಲ್ಲ."

ನಾನು ಬಡಿಸುತ್ತಾ, "ಹಂಗಾದ್ರ ನಾನೂ ಅದ ಟೆಂಪೋದಾಗ ಹರಿಹರಕ್ಕ ಬರ್ತೀನಿ," ಎಂದೆ.

ಇವರು ತಲೆ ಎತ್ತದೇ ರೊಟ್ಟಿ ಮುರಿದರು. "ಹೂವಿನ ಬುಟ್ಟಿ ಇರ್ತಾವ, ಗಾಡಿ ಇರ್ತೈತಿ. ನಿನಗ ಜಾಗ ಎಲ್ಲೈತಿ?"

ನನ್ನ ಅಪ್ಪನ ಮನೆಯ ಟೆಂಪೋ, ನನ್ನ ತಮ್ಮ ಓಡಿಸುವ ಟೆಂಪೋ, ಅದರಲ್ಲಿ ನನಗೇ ಜಾಗವಿಲ್ಲ! ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಇವರು ಟ್ಯಾಂಕು ಬರಿದು ಮಾಡಿ, ಗಾಡಿಯನ್ನು ಹೂವು ಸುರಿಯುವ ಚಪ್ಪರದ ಮೂಲೆಯಲ್ಲಿ ನಿಲ್ಲಿಸಿ, "ದಿನಾ ಒಂದ್ಸಲ ಒರಸು" ಎಂದು ಹೇಳಿ ಹೋದರು. ನಾನು ಒಂದು ದಿನವೂ ಒರಸಲಿಲ್ಲ. ಟ್ಯಾಂಕು ಖಾಲಿಯಾದರೂ ವಾಸನೆ ಎಲ್ಲಿ ಹೋಗುತ್ತದೆ? ಮೊಗ್ಗಿನ ರಾಶಿಯ ಮುಂದೆ ಕೂತರೆ ಮಲ್ಲಿಗೆಯ ಹಿಂದೆಯೇ ಅವಳ ವಾಸನೆ ಬರುತ್ತಿತ್ತು.

ಶನಿವಾರವೇ ಇವರು ಹೆಸರು ನೋಂದಾಯಿಸಲು ಹರಿಹರಕ್ಕೆ ಹೋದರು. ಭಾನುವಾರ ಬೆಳಿಗ್ಗೆ ಬಸು ಟೆಂಪೋ ತುಂಬುತ್ತಿದ್ದ. ಅಂದು ಲಗ್ನಗಳು ಬಹಳ. ಬುಟ್ಟಿಯ ಮೇಲೆ ಬುಟ್ಟಿ ಏರಿಸಿ, ಮುಂದಿನ ಸೀಟಿನಲ್ಲೂ ಹೂವು ಇಟ್ಟುಕೊಂಡು, ಕೊನೆಗೆ ತಲೆ ಕೆರೆದುಕೊಂಡ.

"ಅಕ್ಕಾ, ಗಾಡಿಗಿ ಜಾಗ ಇಲ್ಲ."

ಆ ಮಾತು ಕೇಳಿ ನನಗಾದ ಖುಷಿ ಹೇಳತೀರದು. ಬೇಸಿಗೆಯಿಡೀ ನನ್ನ ಮೇಲೆ ಬಿದ್ದ ಮಾತು ಈಗ ಅವಳ ಮೇಲೆ ಬಿದ್ದಿತ್ತು. ಟೆಂಪೋ ಹೊರಟು ಧೂಳು ಇಳಿದ ಮೇಲೆ ಚಪ್ಪರದ ಮೂಲೆಗೆ ಹೋಗಿ, "ಈಗ ತಿಳೀತಿಲ್ಲೋ ನಿನಗ?" ಎಂದು ಬಾಯಿಬಿಟ್ಟೇ ಕೇಳಿದೆ. ಯಾರೂ ನನ್ನನ್ನು ಬಯ್ಯುವಂತಿರಲಿಲ್ಲ. ತಪ್ಪು ಹೂವಿನದು, ಲಗ್ನದ್ದು.

ಸೆರಗಿನಲ್ಲಿ ನಗು ಮುಚ್ಚಿಕೊಂಡು ಮಾಲೆ ಕಟ್ಟುತ್ತಾ ಕೂತೆ. ಖುಷಿ ಒಂದು ಮಾರು ಮಲ್ಲಿಗೆ ಕಟ್ಟುವಷ್ಟರಲ್ಲಿ ತೀರಿತು. ಹರಿಹರದ ದಾರಿಯ ಮೇಲೆ ನಿಂತು ಬರುವ ಟೆಂಪೋಗಳನ್ನೆಲ್ಲ ಇಣುಕಿ ನೋಡುತ್ತಿರುವ ಇವರ ಮುಖ ಕಣ್ಣಿಗೆ ಕಟ್ಟಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿರುತ್ತಾರೆ, ಅದೂ ಅವಳಿಗಾಗಿ. ನನಗಾಗಿ ಯಾವ ದಾರಿಯಲ್ಲಿ ಹಾಗೆ ಕಾದಿದ್ದರು? ಗಾಡಿ ಹೋಗದಿದ್ದರೆ ಮುಂದಿನ ಬೇಸಿಗೆಯವರೆಗೂ ಅದನ್ನೇ ನೆನೆದು ಕೊರಗುತ್ತಾರೆ, ಆ ಕೊರಗಿನ ಮುಂದೆ ನಾನು ದಿನಾ ತಟ್ಟೆ ಇಡಬೇಕು. ಆಗ ಹೊಳೆಯಿತು. ಅವಳು ತಾನಾಗಿ ಹೋಗಲಾರಳು, ನಾನು ಒಯ್ದರೆ ಮಾತ್ರ ಹೋದಾಳು. ಇಬ್ಬರೂ ಒಟ್ಟಿಗೆ ಹೋಗಿ ಎದುರು ನಿಂತರೆ ಇವರು ಮೊದಲು ಯಾರನ್ನು ನೋಡುತ್ತಾರೆ? ಅದೊಂದು ನೋಡಿಯೇ ಬಿಡಬೇಕು ಎಂದು ಎದ್ದೆ.

ಪಕ್ಕದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ಹಿಂಡು ಕೂಡಿಸಿದ್ದ ಬೀರಪ್ಪ ಕಾಕಾ ಅಂದು ಟಗರುಗಳನ್ನು ಮಾರಲು ಲಾರಿ ಮಾಡಿಸಿದ್ದ. ಲಾರಿ ಹರಿಹರದ ಮೇಲೆಯೇ ಹೋಗುವುದು. ಹೋಗಿ ಕೇಳಿದೆ. ಕಾಕಾ ಒಪ್ಪಿದ. ಅವ್ವ ಮಾತ್ರ ಹಣೆ ಹಣೆ ಬಡಿದುಕೊಂಡಳು. "ಹೆಣ್ಮಗಳು ಕುರಿ ಲಾರ್ಯಾಗ ಹೋಗ್ತಾಳಂತ! ಹೋಗಾಕಿ ಇದ್ರ ತಲಿಗಾದರೂ ನೆಟ್ಟಗ ಹೂ ಮುಡ್ಕೊಂಡು ಹೋಗು," ಎಂದು ಬೈಯುತ್ತಲೇ ತಲೆತುಂಬ ಮಲ್ಲಿಗೆ ಮುಡಿಸಿದಳು.

ಲಾರಿಯ ಹಿಂದಿನ ಹಲಗೆ ಇಳಿಸಿ ಗಾಡಿ ಏರಿಸಿದರು. ಗಾಡಿಯ ಜೊತೆಗೇ ತವರಿಗೆ ಬಂದಿದ್ದ ಕೌದಿಯನ್ನು ನಾನೇ ಹೊದಿಸಿದೆ, ಬೇರೆ ಯಾರೂ ಮುಟ್ಟುವುದು ಬೇಡ ಎಂದು. ಕಾಕಾ ಕುರಿ ಹಗ್ಗ ತಂದು ಕಟ್ಟಿದ. ನೋಡಿದರೆ ಹಗ್ಗ ಜೋಕಾಲಿಯ ಹಾಗೆ ಸಡಿಲ.

"ಬಿಗಿ ಕಟ್ರಿ ಕಾಕಾ."

"ಬಿಗಿ ಕಟ್ಟಿದ್ರ ಬೀಳ್ತೈತಿ ಮಗಳ. ಲಾರಿ ಒಲದಂಗ ಅದೂ ಒಲೀಬೇಕು, ಕಾಲು ಸರಿಸಿ ನಿಂದರಬೇಕು. ಕುರಿ ಕಟ್ಟಿ ಕಟ್ಟಿ ಹಲ್ಲು ಉದುರ್ಯಾವ ನನಗ."

"ಅದು ಕುರಿ ಅಲ್ರಿ!"

"ನಾಕು ಕಾಲಿನ ಜೀವಾನ ಬಿಗಿ ತಡಿಯಂಗಿಲ್ಲ. ಪಾಪ, ಇದಕ್ಕ ಇರಾವ ಎರಡು."

ಮುಂದೆ ಡ್ರೈವರನ ಪಕ್ಕ ಹೋಗಿ ಕೂತೆ. ಹರಪನಹಳ್ಳಿ ಹತ್ತಿರ ಬರುವಾಗ ಒಂದು ತಿರುವಿನಲ್ಲಿ ಹಿಂದೆ ದಡ್ ಎಂದಿತು, ಟಗರುಗಳು ಒಂದೇ ಸಮ ಕೂಗಿದವು. ಲಾರಿ ನಿಲ್ಲಿಸಿ ನೋಡಿದರೆ ಗಾಡಿ ಒಂದು ಟಗರಿನ ಬೆನ್ನ ಮೇಲೆ ಒರಗಿದೆ. ಟಗರು ಅಲ್ಲಾಡದೇ ಅದನ್ನು ಹೊತ್ತು ನಿಂತಿದೆ.

ಕಾಕಾ ದಿಕ್ಕು ತೋಚದೆ ನಿಂತ. "ಕಾಲ ಊರ್ಲಿಲ್ಲಲ್ಲ ಇದು!"

ಬಿಗಿದು ಕಟ್ಟಲು ಕುರಿ ಹಗ್ಗ ಸಾಲದು. ಬೇರೆ ದಾರಿ ಇರಲಿಲ್ಲ, ನಾನೇ ಹಿಂದೆ ಹತ್ತಿದೆ. ಲಾರಿಯ ಹಲಗೆಗೆ ಬೆನ್ನು ಕೊಟ್ಟು, ಪಾದ ಊರಿ, ಎರಡೂ ತೋಳು ಚಾಚಿ ಆ ಟ್ಯಾಂಕನ್ನು ತಬ್ಬಿಕೊಂಡೆ. ನಡುವೆ ಅವ್ವನ ಕೌದಿ. ಇಡೀ ಬೇಸಿಗೆ ಯಾರನ್ನು ಕಂಡರೆ ಮೈ ಉರಿಯುತ್ತಿತ್ತೋ ಅವಳನ್ನೇ ಅಪ್ಪಿಕೊಂಡು, ಸುತ್ತ ಟಗರುಗಳ ನಡುವೆ, ಹರಪನಹಳ್ಳಿ ಪೇಟೆಯನ್ನು ಹಾದುಹೋದೆ. ಮಂದಿ ನಿಂತು ನೋಡಿದರು. ಒಂದು ಟಗರು ಹಿಂದಿನಿಂದ ಬಂದು ನನ್ನ ತಲೆಯ ಮಲ್ಲಿಗೆಯನ್ನು ನಿಧಾನವಾಗಿ ತಿನ್ನತೊಡಗಿತು. ಓಡಿಸೋಣವೆಂದರೆ ಕೈ ಬಿಡುವ ಹಾಗಿಲ್ಲ.

"ನಿನ್ನ ಸಲುವಾಗಿ ಏನೇನು ನೋಡಬೇಕಾತು," ಎಂದು ಗಾಡಿಗೆ ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಬೈಯುವಾಗಲೂ ಪ್ರತಿ ಗುಂಡಿಗೆ ಅದರ ಜೊತೆಗೇ ಒಲೆಯುತ್ತಿದ್ದೆ. ಸ್ವಲ್ಪ ಹೊತ್ತಿಗೆ ಯಾವ ಕಡೆ ಒಲೆದರೆ ಎಷ್ಟು ಭಾರ ಬರುತ್ತದೆ ಎಂದು ತೋಳಿಗೆ ಗೊತ್ತಾಯಿತು. ಬಸ್ಸಿನ ಟಾಪಿನ ಮೇಲೆ ಇವರು ಯಾಕೆ ಹಾಗೆ ತಬ್ಬಿ ಕೂತಿದ್ದರು ಎಂಬುದೂ ಗೊತ್ತಾಯಿತು. ಹಾಗಂತ ಹೊಟ್ಟೆಯುರಿ ಕಮ್ಮಿಯಾಗಲಿಲ್ಲ.

ತೆಲಿಗಿ ದಾಟುವಾಗ ಎದುರು ಬಂದ ಜೀಪಿಗೆ ಹೆದರಿ ಡ್ರೈವರ್ ಬ್ರೇಕು ಒತ್ತಿದ. ಗಾಡಿ ನನ್ನ ತೋಳಿನಿಂದ ಜಾರಿ ಹಲಗೆಯ ಕಡೆ ವಾಲಿತು. ಹಲಗೆಯಲ್ಲೊಂದು ಕಬ್ಬಿಣದ ಪಟ್ಟಿ, ನೇರ ಟ್ಯಾಂಕಿನ ಎತ್ತರಕ್ಕೆ. ನಾನು ಎಡಗೈಯನ್ನು ನಡುವೆ ಇಟ್ಟೆ. ಕೈ ನನ್ನನ್ನು ಕೇಳದೇ ಹೋಗಿತ್ತು. ಮುಂಗೈ ಹರಿದು ರಕ್ತ ಬಂತು. ಕೌದಿಗೆ ತಾಗದ ಹಾಗೆ ಸೆರಗು ಸುತ್ತಿಕೊಂಡೆ.

ಹರಿಹರದ ಹೊರಗೆ ಬಯಲಿನ ತುಂಬ ಜನ. ಗಾಡಿಗಳು ಹೇಗೆ ಹೇಗೆ ಬಂದಿದ್ದವು ಅಂತೀರಿ! ಒಂದು ಲಗೇಜ್ ಆಟೋದಲ್ಲಿ ಮುಂದಿನ ಗಾಲಿ ಹೊರಗೆ ಚಾಚಿಕೊಂಡು ಬಂದಿತ್ತು, ಒಂದು ಹಾಲಿನ ಗಾಡಿಯಲ್ಲಿ ಕ್ಯಾನುಗಳ ನಡುವೆ. ಒಬ್ಬ ತನ್ನದನ್ನು ಬಿಚ್ಚಿ ಗೋಣಿಚೀಲಗಳಲ್ಲಿ ತುಂಬಿ ಬಸ್ಸಿನಲ್ಲಿ ತಂದು ಅಲ್ಲೇ ಕೂತು ಜೋಡಿಸುತ್ತಿದ್ದ. ದಾವಣಗೆರೆಯ ಯಾರೋ ದೊಡ್ಡವರ ಮಗನದಂತೂ ಮುಚ್ಚಿದ ವ್ಯಾನಿನಲ್ಲಿ ಹಾಸಿಗೆ ಹಾಸಿಸಿಕೊಂಡು ಬಂದಿತ್ತು. ಹೆಂಡತಿ ತಬ್ಬಿಕೊಂಡು ಬಂದದ್ದು ನಮ್ಮದೊಂದೇ.

ನಮ್ಮವರು ರಸ್ತೆಯ ಮೋರಿ ಕಟ್ಟೆಯ ಮೇಲೆ ನಿಂತು ಹೂವಿನ ಟೆಂಪೋಗಳನ್ನೇ ನೋಡುತ್ತಿದ್ದರು. "ರೀ!" ಎಂದು ಕೂಗಿದೆ. ತಿರುಗಿದರು. ಓಡಿ ಬಂದರು. ಲಾರಿ ಹತ್ತಿದರು. ಮೊದಲು ಯಾರನ್ನು ನೋಡುತ್ತಾರೆಂದು ನಾನು ಕಾದು ನಿಂತೆ.

ಕಣ್ಣು ನೇರ ಕೌದಿಯ ಮೇಲೆ. ಸರ್ರನೆ ಎಳೆದರು. ಹ್ಯಾಂಡಲು ತಿರುಗಿಸಿದರು, ಕ್ಲಚ್ಚು ಒತ್ತಿದರು, ಟ್ಯಾಂಕಿನ ಮೇಲೆ ಅಂಗೈ ಆಡಿಸಿದರು. ಆಮೇಲೆ ಕೆಳಗಿದ್ದ ಗೆಳೆಯರಿಗೆ, "ಒಂದ ಗೀರೂ ಬಿದ್ದಿಲ್ಲಲೇ!" ಎಂದು ಕೂಗಿ ಹೇಳಿದರು. ಅದಾದ ಮೇಲೆ ನನ್ನ ಕಡೆ ತಿರುಗಿದರು.

"ನೀ ಹೆಂಗ ಬಂದಿ?"

"ಟಗರಿನ ಜೋಡಿ ಬಂದೆ," ಎಂದೆ. ಅವಳಿಗೆ ಬೀಳಬೇಕಾದ ಗೀರು ಸೆರಗಿನೊಳಗೆ ನನ್ನ ಕೈಮೇಲಿತ್ತು. ತೋರಿಸಲಿಲ್ಲ. ಕೇಳಬೇಕೆಂದಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಟಗರುಗಳ ಜೊತೆಗೆ ಹಾಗೇ ಮುಂದಕ್ಕೆ ಹೋಗಿಬಿಡೋಣ ಅನ್ನಿಸಿತು.

ಹೋಗಲಿಲ್ಲ. ಹಗ್ಗ ಕಟ್ಟಿದ ಅಂಚಿನಲ್ಲಿ ನಿಂತೆ. ರೇಸು ಶುರುವಾಯಿತು. ಕೆಂಪು ಧೂಳಿನಲ್ಲಿ ಗಾಡಿಗಳು ದಿಬ್ಬ ಹತ್ತಿ ಹಾರಿ ಇಳಿಯುತ್ತಿದ್ದವು. ಒಂದು ಸುತ್ತಿನಲ್ಲಿ ಇವರು ನನ್ನ ಹತ್ತಿರವೇ ಹಾದುಹೋದಾಗ ಮುಖ ಕಂಡಿತು. ಅಷ್ಟು ಬೆಳಗಿದ ಮುಖವನ್ನು ನಾನು ಮದುವೆಯಲ್ಲೂ ಕಂಡಿರಲಿಲ್ಲ. ಆ ಬೆಳಕು ತಂದವಳು ಅವಳು, ನಾನಲ್ಲ ಎಂದು ಹೊಟ್ಟೆಯೊಳಗೆ ಕೆಂಡ ಬಿದ್ದ ಹಾಗಾಯಿತು.

ಕೊನೆಯ ಸುತ್ತಿನ ತಿರುವಿನಲ್ಲಿ ಮುಂದಿನವನ ಗಾಲಿಗೆ ತಾಗಿ ಇವರು ಬಿದ್ದರು. ಜನ ಹೋ ಎಂದರು. ನಾನು ಹಗ್ಗದ ಕೆಳಗೆ ನುಸುಳಿ ಓಡಿದೆ. ಇವರು ಒಂದು ಕಡೆ, ಗಾಡಿ ಒಂದು ಕಡೆ. ಗಾಡಿ ಅಡ್ಡಬಿದ್ದು ಹಿಂದಿನ ಗಾಲಿ ಇನ್ನೂ ತಿರುಗುತ್ತಿತ್ತು. ನಾನು ಎರಡೂ ಕೈ ಹಾಕಿ, ಅದರ ಓಲಾಟ ಗೊತ್ತಿದ್ದ ತೋಳಿನಿಂದ ಒಂದೇ ಸಲಕ್ಕೆ ಅದನ್ನು ಎತ್ತಿ ನಿಲ್ಲಿಸಿದೆ. ಕ್ಲಚ್ಚಿನ ಹಿಡಿ ಮುರಿದಿರಲಿಲ್ಲ. ಆದರೆ ಹಸಿರು ಟ್ಯಾಂಕಿನ ಉದ್ದಕ್ಕೂ ಬಿಳಿಯ ಗೀರು.

"ಅಯ್ಯೋ, ಟ್ಯಾಂಕಿಗಿ ಗೀರು ಬಿತ್ತಲ್ರೀ!" ಎಂದು ಚೀರಿದೆ.

ಹಿಂದಿನಿಂದ ಧ್ವನಿ ಬಂತು. "ಗಿರಿಜಾ, ನಾ ಇಲ್ಲಿ ಬಿದ್ದೀನಿ. ನೀ ಅದನ್ನ ಹಿಡಕೊಂಡು ನಿಂತೀಯಲ್ಲ!"

ತಿರುಗಿ ನೋಡಿದೆ. ಮೊಣಕಾಲು ಕಿತ್ತುಹೋಗಿ, ಧೂಳಿನಲ್ಲಿ ಕೂತು, ನನ್ನನ್ನೂ ಗಾಡಿಯನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದರು. ಆ ಮುಖ ನನಗೆ ಚೆನ್ನಾಗಿ ಪರಿಚಯವಿತ್ತು. ಬೇಸಿಗೆಯಿಡೀ ಕನ್ನಡಿಯಲ್ಲಿ ನೋಡಿದ್ದೆ.

ವಾಪಸು ಬರುವಾಗ ಬಸುವಿನ ಟೆಂಪೋದಲ್ಲಿ ಬುಟ್ಟಿಗಳೆಲ್ಲ ಖಾಲಿ. ನನಗೂ ಜಾಗವಿತ್ತು, ಅವಳಿಗೂ ಇತ್ತು. ಮುಂದೆ ಕೂರು ಎಂದರು ಇವರು. ನಾನು ಹಿಂದೆಯೇ ಕೂರುತ್ತೇನೆ, ನೀವು ಕಟ್ಟಿದ್ದರ ಮೇಲೆ ನನಗೆ ನಂಬಿಕೆ ಇಲ್ಲ ಎಂದೆ. ಕೊನೆಗೆ ಇಬ್ಬರೂ ಹಿಂದೆ ಕೂತೆವು, ಗಾಡಿ ನಡುವೆ. ಆಗ ಇವರು ನನ್ನ ಕೈ ನೋಡಿದರು.

"ಇದೇನಿದು?"

"ಗೀರು."

"ಬೆಳಿಗ್ಗಿ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ."

ತೆಲಿಗಿ ಹತ್ತಿರ ಇವರು ಗಾಡಿಯ ಸೀಟಿನ ಮೇಲಿಂದ ಕೈ ಚಾಚಿ ನನ್ನ ಮುಂಗೈ ಹಿಡಿದುಕೊಂಡರು. ಹರಪನಹಳ್ಳಿ ಬಂದರೂ ಬಿಡಲಿಲ್ಲ.

ಮುಂದಿನ ಬೇಸಿಗೆಯ ಹೊತ್ತಿಗೆ ಮಗಳು ಹೊಟ್ಟೆಯಲ್ಲಿದ್ದಳು. ತೊಟ್ಟಿಲಿಗೆ ಪಡಸಾಲೆಯಲ್ಲಿ ಜಾಗ ಬೇಕು ಎಂದು ಹೇಳಿ ಇವರೇ ಗಾಡಿಯನ್ನು ಕೂಡ್ಲಿಗಿ ಕಡೆಯ ಒಬ್ಬನಿಗೆ ಮಾರಿದರು. ನಾನು ಕೇಳಿರಲಿಲ್ಲ. ಅವನು ಲಗೇಜ್ ಆಟೋ ತಂದಿದ್ದ. "ಬಿಗಿ ಕಟ್ಟಪ್ಪ, ಮುಂದಿನ ಗಾಲಿಗಿ ಇನ್ನೊಂದು ಸುತ್ತು ಹಾಕು," ಎಂದು ಬಾಗಿಲಲ್ಲಿ ನಿಂತು ನಾನೇ ಹೇಳಿದೆ. ಹೊದಿಸಲು ಏನಾದರೂ ಮೆತ್ತಗಿನದು ಕೊಡ್ರಿ ಎಂದು ಅವನು ಕೇಳಿದಾಗ ನಮ್ಮವರು ನನ್ನ ಮುಖ ನೋಡಿದರು. ನಾನು ಗೋಣಿಚೀಲ ಕೊಟ್ಟೆ. ಕೌದಿ ಕೊಡುವಷ್ಟು ದೊಡ್ಡ ಮನಸ್ಸು ನನಗೆ ಆವತ್ತೂ ಇರಲಿಲ್ಲ, ಇವತ್ತೂ ಇಲ್ಲ. ಆಟೋ ತಿರುವಿನಲ್ಲಿ ಮರೆಯಾದ ಮೇಲೆ ಇವರು ಅಂಗಡಿಗೆ ಹೋದರು. ಒಳಗೆ ಹೋಗಿ ಅತ್ತವಳು ನಾನು.

ಆವತ್ತು ಬಂಕಿನಲ್ಲಿ ಮಗಳು ಪೆಟ್ರೋಲು ಹಾಕಿಸುವಷ್ಟರಲ್ಲಿ ಆ ಪಿಕಪ್ಪಿನ ಕರಿಯ ಹೊದಿಕೆಯ ಕೆಳಗೆ ಬಗ್ಗಿ ಬಗ್ಗಿ ನೋಡಿದೆ. ಹಸಿರು ಟ್ಯಾಂಕು ಇರಲಿಲ್ಲ. ಇಷ್ಟು ವರ್ಷದ ಮೇಲೆ ಎಲ್ಲಿರುತ್ತದೆ? ಗುಜರಿಗೆ ಹೋಗಿರಬಹುದು. ಆದರೆ ನನ್ನ ಮನಸ್ಸು ಅದನ್ನು ಒಪ್ಪುವುದಿಲ್ಲ. ಕೂಡ್ಲಿಗಿ ಕಡೆ ಯಾವುದೋ ಮನೆಯ ಪಡಸಾಲೆಯಲ್ಲಿ ಅದು ಇನ್ನೂ ನಿಂತಿದೆ, ಯಾವಳದೋ ಅವ್ವ ಹೊಲಿದ ಕೌದಿ ಹೊದ್ದುಕೊಂಡು. ಆ ಮನೆಯ ಹೆಣ್ಣನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.